ತೆಮಲೀನಾ ಕಾಯ್ದೆ

ತನ್ನ ಹೆಸರಿನ ಕಾಯ್ದೆಯಡಿ ಮೊದಲ ಶಿಕ್ಷೆಯಾಗುವ ದಿನ ತೆಮಲೀನಾ ಬೇಕರಿಗೆ ಬೀಗ ಹಾಕಿ ಕೋರ್ಟಿಗೆ ಬಂದಳು. ಗ್ರೀಸಿನ ಕಲಿಮ್ನೋಸ್ ದ್ವೀಪ ಬಿಟ್ಟು ಆಸ್ಟ್ರೇಲಿಯಾದ ಈ ಉತ್ತರ ತೀರಕ್ಕೆ ಬಂದು ನಲವತ್ತೆರಡು ವರ್ಷವಾಗಿತ್ತು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಮಳೆಗೆ ಮುಂಚಿನ ತಿಂಗಳು. ಸೆಕೆಗೆ ಮನುಷ್ಯನ ಮೈ ಮೊದಲು ಕರಗುತ್ತದೋ ಬುದ್ಧಿ ಮೊದಲು ಕರಗುತ್ತದೋ ಹೇಳುವುದು ಕಷ್ಟ. ಇಲ್ಲಿನ ಶಾಸನಸಭೆ ಹೊಸ ಕಾಯ್ದೆಗಳನ್ನು ಮಾಡುವುದು ಸಾಮಾನ್ಯವಾಗಿ ಈ ತಿಂಗಳಲ್ಲೇ.

ಹಿಂದಿನ ವರ್ಷ ನಾಲ್ಕು ಹುಡುಗರು ಅವಳ ಬೇಕರಿಯ ಗಾಜು ಒಡೆದು, ಒಂದು ತಟ್ಟೆ ಮಾಂಸದ ಪೈ ಖಾಲಿ ಮಾಡಿ, ಅವಳ ಕಾರು ಹೊಡೆದುಕೊಂಡು ಹೋಗಿದ್ದರು. ಗಾಜಿನ ಚೂರು ಹೊಕ್ಕ ಅವಳ ಪಾದಕ್ಕೆ ಏಳು ಹೊಲಿಗೆ ಬಿದ್ದಿತ್ತು. ಮರುದಿನವೇ ಶಾಸಕ ಕ್ರೇಗ್ ಡನ್‌ಸ್ಟನ್ ಕ್ಯಾಮೆರಾ ಸಮೇತ ಬಂದು ಅವಳ ಕೈ ಹಿಡಿದುಕೊಂಡ. ಅವಳಿಗೆ ನೋವು, ಸಿಟ್ಟು ಎರಡೂ ಇದ್ದವು. "ಈ ಮಕ್ಕಳಿಗೆ ಯಾರಾದ್ರೂ ಬುದ್ಧಿ ಕಲಿಸ್ಬೇಕಪ್ಪ" ಎಂದುಬಿಟ್ಟಳು. ಅಷ್ಟು ಸಾಕಾಯಿತು. ಹತ್ತು ವರ್ಷ ತುಂಬಿದವರೆಲ್ಲ ಶಿಕ್ಷೆಯ ಮಟ್ಟಿಗೆ ದೊಡ್ಡವರೇ ಎಂಬ ಕಾಯ್ದೆ ಮೂರೇ ದಿನದಲ್ಲಿ ಪಾಸಾಯಿತು. ಅದಕ್ಕೆ ತನ್ನ ಹೆಸರಿಟ್ಟಿದ್ದಾರೆ ಎಂದು ಅವಳಿಗೆ ಗೊತ್ತಾದದ್ದು ಹಿಟ್ಟು ನಾದುವಾಗ, ರೇಡಿಯೋದಿಂದ.

ಕೋರ್ಟಿನ ಪಡಸಾಲೆಯಲ್ಲಿ ಡನ್‌ಸ್ಟನ್ ಎರಡೂ ಕೈ ಚಾಚಿ ಎದುರಾದ. "ಅಮ್ಮಾ, ಬಂದ್ರಾ! ಇವತ್ತು ನಿಮ್ಮ ದಿನ."

"ನನ್ನ ಹೆಸರು ತೆಗೀರಿ ಅಂತ ನಾಲ್ಕು ಕಾಗದ ಬರೆದೆ. ಒಂದಕ್ಕೂ ಉತ್ತರ ಇಲ್ಲ."

"ಬಂತಲ್ಲಮ್ಮ. 'ನಿಮ್ಮ ಕಾಗದ ತಲುಪಿದೆ' ಅಂತ ನಾಲ್ಕು ಸಲ ಬರೆಸಿದೀನಿ."

"ನಾನು ಬುದ್ಧಿ ಕಲಿಸಿ ಅಂದಿದ್ದು ಸ್ಕೂಲಲ್ಲಿ."

"ಜೈಲಲ್ಲೂ ಸ್ಕೂಲಿದೆ. ಪ್ರತಿ ಮಂಗಳವಾರ. ಟೀಚರ್ ಸಿಕ್ಕಿದ್ರೆ."

"ಅದೆಲ್ಲ ಇರ್ಲಿ. ಹೆಸರು ಯಾವಾಗ ತೆಗೀತೀರಿ?"

ಡನ್‌ಸ್ಟನ್ ಅವಳ ಭುಜ ತಟ್ಟಿದ. "ಅದಕ್ಕೆ ತಿದ್ದುಪಡಿ ಆಗ್ಬೇಕು. ಸಮಿತಿ ಕೂರ್ಬೇಕು, ಜನ ಏನಂತಾರೆ ಕೇಳ್ಬೇಕು. ಏನಿಲ್ಲ ಅಂದ್ರೂ ಎರಡು ವರ್ಷ. ಕಾನೂನು ಅಂದ್ರೆ ಹುಡುಗಾಟಾನಾ ಅಮ್ಮಾ?"

ಆ ದಿನ ತೀರ್ಪಿಗೆ ನಿಂತಿದ್ದ ಟೈರೆಲ್‌ನಿಗೆ ಹನ್ನೊಂದು ವರ್ಷ. ಪೆಟ್ರೋಲ್ ಬಂಕಿನ ಹಿಂದಿನ ಕಿಟಕಿಯಲ್ಲಿ ತೂರುವಷ್ಟು ಸಣ್ಣವನು ಅವನೊಬ್ಬನೇ ಆದ್ದರಿಂದ ಜೊತೆಯ ಹುಡುಗರು ಅವನನ್ನು ಒಳಗೆ ಇಳಿಸಿದ್ದರು. ಓಡುವಾಗ ಅವನನ್ನು ಹೊರಗೆಳೆಯಲು ಮರೆತಿದ್ದರು. ಕಟಕಟೆಯಲ್ಲಿ ನಿಂತಾಗ ಅವನ ಹಣೆ ಮಾತ್ರ ಕಾಣುತ್ತಿತ್ತು. ಪೊಲೀಸನೊಬ್ಬ ಹಾಲಿನ ಕ್ರೇಟು ತಂದು ಬೋರಲು ಹಾಕಿ ಮೇಲೆ ನಿಲ್ಲಿಸಿದ ಮೇಲೆ ಹುಡುಗ ಕಾಯ್ದೆಯ ಎತ್ತರಕ್ಕೆ ಬಂದ.

"ಹದಿನಾಲ್ಕು ತಿಂಗಳು" ಎಂದರು ನ್ಯಾಯಾಧೀಶೆ, ಕಾಗದದಿಂದ ಕಣ್ಣೆತ್ತದೆ. "ಇದಕ್ಕಿಂತ ಕಡಿಮೆ ಮಾಡುವ ಅಧಿಕಾರವನ್ನು ತೆಮಲೀನಾ ಕಾಯ್ದೆ ನನಗೆ ಬಿಟ್ಟಿಲ್ಲ."

ಹುಡುಗ ತಿರುಗಿ, ಮುನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ತನ್ನ ಅಜ್ಜಿ ಲೊರೇನಳನ್ನು ನೋಡಿದ. "ಅಜ್ಜಿ, ತೆಮಲೀನಾ ಅಂದ್ರೆ ಯಾರು? ಅವ್ರಿಗೆ ನಾನೇನ್ ಮಾಡ್ದೆ?"

ಹಿಂದಿನ ಸಾಲಿನಿಂದ ತೆಮಲೀನಾ ಎದ್ದು ನಿಂತಳು. "ನಾನೇ ತೆಮಲೀನಾ. ಈ ಮಗು ನನಗೇನೂ ಮಾಡಿಲ್ಲ. ಬಿಟ್ಬಿಡಿ."

ನ್ಯಾಯಾಧೀಶೆ ಕನ್ನಡಕ ತೆಗೆದು ಅವಳನ್ನೊಮ್ಮೆ ದಿಟ್ಟಿಸಿದರು. ಅವರಿಗೂ ಏನೋ ಹೇಳಬೇಕೆನಿಸಿದಂತಿತ್ತು. ಹೇಳಿದ್ದು ಮಾತ್ರ ಇಷ್ಟು: "ಕೂತ್ಕೊಳ್ಳಿ ಅಮ್ಮಾ. ಈ ಕೇಸಿಗೂ ನಿಮಗೂ ಸಂಬಂಧ ಇಲ್ಲ."

ಹೊರಗೆ ಮೆಟ್ಟಿಲ ಮೇಲೆ ಡನ್‌ಸ್ಟನ್ ಕ್ಯಾಮೆರಾಗಳಿಗೆ, ಇನ್ನು ಮುಂದೆ ನಗರದ ಅಜ್ಜಿಯಂದಿರು ನೆಮ್ಮದಿಯಾಗಿ ಇರಬಹುದು ಎಂದು ಹೇಳುತ್ತಿದ್ದ. ಒಳಗೆ ಪಡಸಾಲೆಯ ಬೆಂಚಿನ ಮೇಲೆ ಇಬ್ಬರು ಅಜ್ಜಿಯಂದಿರು ಅಕ್ಕಪಕ್ಕ ಕೂತಿದ್ದರು. ತೆಮಲೀನಾಳೇ ಮೊದಲು ಬಾಯಿ ತೆರೆದಳು. "ನಾನು..."

"ಗೊತ್ತಮ್ಮ" ಎಂದಳು ಲೊರೇನ್. "ಬಸ್‌ಸ್ಟ್ಯಾಂಡಿನ ಪೋಸ್ಟರಲ್ಲಿ ನಿಮ್ಮ ಫೋಟೋ ನೋಡ್ದೆ. ಅದ್ರಲ್ಲಿ ಇನ್ನೂ ಸ್ವಲ್ಪ ಗಟ್ಟಿಮುಟ್ಟಾಗಿ ಕಾಣ್ತೀರಿ."

ತೆಮಲೀನಾಳ ಕೈಯನ್ನು ಲೊರೇನ್ ಹಿಡಿದುಕೊಳ್ಳಲಿಲ್ಲ. ಅವಳ ಪಕ್ಕದಿಂದ ಎದ್ದೂ ಹೋಗಲಿಲ್ಲ.

ಅಷ್ಟರಲ್ಲಿ ಕೋರ್ಟಿನ ಗುಮಾಸ್ತನೊಬ್ಬ ಕಾಗದ ಹಿಡಿದು ಬಂದ. "ಟೈರೆಲ್ ಕಡೆಯವರು ಯಾರು? ಇಲ್ಲೊಂದು ಸಹಿ ಬೇಕು."

"ಅವನ ಹತ್ರಾನೇ ಹಾಕಿಸ್ಕೊಳ್ಳಿ" ಎಂದು ತೆಮಲೀನಾ ರೇಗಿದಳು. "ಅವನು ದೊಡ್ಡವನು ಅಂತ ಈಗ ತಾನೆ ತೀರ್ಪಾಯ್ತಲ್ಲ!"

ಗುಮಾಸ್ತನಿಗೆ ಸಿಟ್ಟು ಬರಲಿಲ್ಲ. ಪೆನ್ನನ್ನು ಲೊರೇನಳತ್ತ ಚಾಚಿ, ತಿಳಿಯದವರಿಗೆ ತಿಳಿಸುವ ದನಿಯಲ್ಲಿ ಹೇಳಿದ.

"ಅದು ಜೈಲಿಗೆ ಅಮ್ಮಾ. ಇದು ಹಲ್ಲಿನ ಡಾಕ್ಟರಿಗೆ. ಅವನದೊಂದು ಹಾಲುಹಲ್ಲು ಅಲ್ಲಾಡ್ತಾ ಇದೆಯಂತೆ, ಕೀಳ್ಬೇಕು. ಇದಕ್ಕೆಲ್ಲ ಮಕ್ಕಳ ಸಹಿ ನಡೆಯಲ್ಲ."