ಹೊರಗಿನವರಿಗೆ ಮಾತ್ರ ತೆರೆಯುವ ಬಾಗಿಲು

"ಏಳನೇ ಸಲ ಕಣೇ! ತೆರೀತಾನೇ ಇಲ್ಲ!"

ಫೋನಿನಲ್ಲಿ ಗಂಡ ಕಿರುಚಿದ ರಭಸಕ್ಕೆ ಹೆಂಡತಿ ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಹೊಲಿಗೆ ಯಂತ್ರದ ಮೇಲೆ ಯಾರದೋ ಅಂಗಿ ಒಂದೇ ತೋಳಿನಲ್ಲಿ ಬಿದ್ದಿತ್ತು. ಒಂಬತ್ತಕ್ಕೆ ಇಸ್ತ್ರಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಆಫೀಸಿಗೆ ಹೊರಟ ಮನುಷ್ಯ ಹತ್ತರಿಂದ ಅವಳ ಜೀವ ತಿನ್ನುತ್ತಿದ್ದ. ಮನೆಯ ಕಂಪ್ಯೂಟರಿನಲ್ಲಿರುವ ಒಂದು ಫೈಲು ಅವನ ಫೋನಿಗೆ ಬೇಕು. ಹನ್ನೊಂದರೊಳಗೆ ಬೇಕು.

"ಹನ್ನೊಂದು ದಾಟಿದರೆ ಕೆಲಸ ಕೈಬಿಟ್ಟ ಹಾಗೇ."

"ನಾನೇ ಕಳಿಸ್ತೀನಿ ಬಿಡಿ. ಎಲ್ಲಿದೆ ಹೇಳಿ."

"ನೀನು ಮುಟ್ಟಬೇಡ! ಅದು ಆಫೀಸಿನದು, ಬೇರೆಯವರು ನೋಡೋ ಹಾಗಿಲ್ಲ. ವೈಫೈ ಪೆಟ್ಟಿಗೆ ಆಫ್ ಮಾಡಿ ಆನ್ ಮಾಡು."

"ಮೂರು ಸಲ ಮಾಡಾಯ್ತು. ಇನ್ನೇನು ಅದಕ್ಕೆ ಆರತಿ ಎತ್ತಲಾ?"

ಪಕ್ಕದ ಕಟ್ಟಡದಲ್ಲಿ ಗೋಡೆ ಕೊರೆಯುವ ಯಂತ್ರ ಶುರುವಾಯಿತು. ಕೊನೆಯ ಮಹಡಿಯ ಆ ಮನೆಯ ಕಿಟಕಿ ಗಾಜುಗಳೆಲ್ಲ ಗಡಗಡ ನಡುಗಿದವು.

"ಏನೂ ಕೇಳಿಸ್ತಿಲ್ಲ ರೀ, ಇಲ್ಲಿ ಗೋಡೆ ಕೊರೀತಿದ್ದಾರೆ."

"ಇಲ್ಲೂ ಅದೇ ಗೋಳು," ಎಂದು ಅವನು ಫೋನಿಟ್ಟ.

ಅವಳಿಗೆ ರೇಗಿಹೋಯಿತು. ಸಿಟ್ಟು ಬರೀ ಫೈಲಿನದಲ್ಲ. ಮೂರು ತಿಂಗಳಿಂದ ಒಳಗೊಳಗೇ ಕುದಿಯುತ್ತಿದ್ದದ್ದು. ಕಟ್ಟಡಗಳ ನಕ್ಷೆ ಬಿಡಿಸುವವನಿಗೆ ತಂಪು ಕೋಣೆಯಲ್ಲಿ ಕೆಲಸ. ಆದರೆ ಕತ್ತು, ಮೂಗು ಬಿಸಿಲಿಗೆ ಕಪ್ಪಿಟ್ಟಿದ್ದವು. ಹೋದ ವಾರ ಅಂಗಿಯ ಬೆನ್ನಿಗೆ ಸುಣ್ಣ. ಮೊನ್ನೆ ಡಬ್ಬಿಯ ಚೀಲದಲ್ಲಿ ಪಾರಿವಾಳದ ಪುಕ್ಕ. ಕೇಳಿದರೆ, "ನಿನ್ನದೊಳ್ಳೆ ಪೊಲೀಸ್ ವಿಚಾರಣೆ ಆಯ್ತಲ್ಲ" ಎಂದು ಉರಿದುಬೀಳುತ್ತಿದ್ದ. ಯಾವುದೋ ಪಾರ್ಕು, ಯಾವುದೋ ಬೆಂಚು, ಪಕ್ಕದಲ್ಲಿ ಯಾವಳೋ ಒಬ್ಬಳು. ಇಷ್ಟನ್ನು ಅವಳು ಮನಸ್ಸಿನಲ್ಲೇ ಹೊಲಿದು ಮುಗಿಸಿದ್ದಳು. ಆ ಬೆಂಚಿನವಳಿಗೆ ಒಂದು ಹಸಿರು ಕೊಡೆಯನ್ನೂ ಕೊಟ್ಟಿದ್ದಳು.

ಮನೆಯ ಫೈಲುಗಳು ಎಲ್ಲಿಂದ ಬೇಕಾದರೂ ತೆರೆಯಬೇಕು, ಆದರೆ ಬೇರೆ ಯಾರಿಗೂ ಸಿಗಬಾರದು ಎಂದು ಅವನು ಹಟ ಹಿಡಿದದ್ದೂ ಸರಿಯಾಗಿ ಮೂರು ತಿಂಗಳ ಹಿಂದೆಯೇ. ಆ ವ್ಯವಸ್ಥೆ ಮಾಡಿಕೊಟ್ಟವನು ಅವಳ ತಮ್ಮ. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೊನ್ನೆ ಭಾನುವಾರ ತಾನಾಗಿಯೇ ಬಂದು, ಮೂಲೆಯಲ್ಲಿದ್ದ ವೈಫೈ ಪೆಟ್ಟಿಗೆಯನ್ನು ಅಟ್ಟದ ಮೇಲೇರಿಸಿ, "ಈಗ ನೋಡಕ್ಕ, ಹೇಗೆ ಎಳೆಯುತ್ತೆ" ಎಂದು ಬೀಗಿ ಹೋಗಿದ್ದ.

ಹತ್ತು ಮುಕ್ಕಾಲು. ಅವಳು ತಮ್ಮನಿಗೆ ಫೋನ್ ಹಚ್ಚಿದಳು.

"ಫೈಲಿಗೆ ನಾನು ಮಾಡಿಕೊಟ್ಟ ಬಾಗಿಲು ಸರಿಯಾಗೇ ಇದೆಯಲ್ಲಕ್ಕ," ಎಂದ ತಮ್ಮ. "ನನ್ನ ಅಂಗಡಿಯಿಂದ ಪಟ್ ಅಂತ ತೆರೀತು. ಭಾವ ಕೇಳ್ತಿರೋದು ಇದೇ ಇರಬೇಕು. ಒಂದೇ ಫೈಲು. 'ಅರ್ಜಿ' ಅಂತ ಹೆಸರು. ತೆಗೆದು ನೋಡಲಾ?"

ಅರ್ಜಿ. ಹೆಂಡತಿ ಮುಟ್ಟಬಾರದ ಅರ್ಜಿ. ಎಂಥದ್ದೆಂದು ಊಹಿಸಲು ವಕೀಲರು ಬೇಕೇ?

"ಬೇಡ," ಎಂದಳು. "ನಿನಗೆ ತೆರೆಯೋದು ಅವರಿಗೆ ಯಾಕೆ ತೆರೆಯಲ್ಲ?"

"ಅದೇ ತಲೆ ಕೆಡ್ತಿದೆ. ಇದು ಹೊರಗಿನಿಂದ ಬರೋರಿಗೆ ಮಾಡಿದ ಬಾಗಿಲು. ನಿಮ್ಮನೆ ವೈಫೈ ಹಿಡ್ಕೊಂಡು ಇದನ್ನ ತಟ್ಟಿದರೆ ಮಾತ್ರ ತೆರೆಯಲ್ಲ. ಭಾವ ಆಫೀಸಲ್ಲೇ ಇದ್ದಾರೆ ತಾನೇ?"

"ಹಾಗಂತ ಹೇಳಿದ್ದಾರೆ."

ಅವಳ ದನಿ ಅವಳಿಗೇ ಕಹಿಯಾಗಿ ಕೇಳಿಸಿತು. ತಮ್ಮ ಆ ಕಡೆ ಕೀಲಿಗಳನ್ನು ಕುಟ್ಟುತ್ತಲೇ ಇದ್ದ.

"ಅಕ್ಕಾ, ನಿಮ್ಮ ವೈಫೈಗೆ ಎಷ್ಟು ಅಂಟಿಸಿದ್ದೀರಿ? ನಿನ್ನ ಫೋನು, ಟಿವಿ, ಕಂಪ್ಯೂಟರು ಗೊತ್ತಾಯ್ತು. ನಾಲ್ಕನೇದು ಯಾವುದು? ಹೆಸರು ತೋರಿಸ್ತಿಲ್ಲ. ಸಿಗ್ನಲ್ಲೂ ಅಷ್ಟಕ್ಕಷ್ಟೇ, ಗೋಡೆ ಆಚೆಯಿಂದ ಹಿಡಿದ ಹಾಗಿದೆ. ಯಾರೋ ಪುಕ್ಕಟೆ ಮೇಯ್ತಿದ್ದಾರೆ."

"ಎದುರುಮನೆಯವರೇ ಇರಬೇಕು. ಕಿತ್ತು ಬಿಸಾಕು!"

ಯಾರ ಮೇಲಿನ ಸಿಟ್ಟೋ ಯಾರ ಮೇಲೋ ಹೋಯಿತು. ತಮ್ಮ ಆ ನಾಲ್ಕನೆಯದನ್ನು ಹೊರಹಾಕಿ ಫೋನಿಟ್ಟ. ಹನ್ನೊಂದಕ್ಕೆ ಇನ್ನು ಆರು ನಿಮಿಷ. ಅವಳು ಅಡುಗೆಮನೆಗೆ ಹೋಗಿ ಕಿಟಕಿ ತೆರೆದು, ಕಟ್ಟೆಗೆ ಒರಗಿ ನಿಂತಳು. ಅರ್ಜಿ ಸಿಕ್ಕರೆ ಸಿಗಲಿ, ಹೋಗುವವನು ಹೋಗಲಿ ಎಂದುಕೊಂಡಳು.

ಪಕ್ಕದ ಯಂತ್ರ ನಿಂತಿತು. ಫೋನ್ ಬಡಿದುಕೊಂಡಿತು.

"ಬಂತು ಕಣೇ! ತೆರೀತು! ಕಳಿಸಿಬಿಟ್ಟೆ!"

ಅದು ಅವಳಿಗೆ ಎರಡು ಸಲ ಕೇಳಿಸಿತು. ಒಮ್ಮೆ ಫೋನಿನಲ್ಲಿ. ಒಮ್ಮೆ ಕಿಟಕಿಯ ಮೇಲಿನಿಂದ, ಟಾರಸಿಯಿಂದ, ರೆಕ್ಕೆ ಬಡಿದು ಹಾರಿದ ಪಾರಿವಾಳಗಳ ಸದ್ದಿನ ಜೊತೆ.

ಅವಳು ತಲೆಯೆತ್ತಿ ಸೂರನ್ನೇ ನೋಡಿದಳು. ಬಿಸಿಲು, ಸುಣ್ಣ, ಪುಕ್ಕ, ವೈಫೈಗೆ ಅಂಟಿದ್ದ ಆ ನಾಲ್ಕನೆಯ ಫೋನು. ಅರ್ಜಿ ಯಾವ ಕೆಲಸಕ್ಕೆಂದಾಗಲೀ, ಹಳೆಯ ಕೆಲಸ ಹೋಗಿ ಎಷ್ಟು ದಿನವಾಯಿತೆಂದಾಗಲೀ ಇನ್ನು ಕೇಳಬೇಕಾಗಿರಲಿಲ್ಲ.

"ಸಂಜೆ ಬೇಗ ಬರ್ತೀನಿ," ಎನ್ನುತ್ತಿದ್ದ ಗಂಡ, ಮೂರು ತಿಂಗಳಲ್ಲಿ ಮೊದಲ ಸಲ ನಗುತ್ತ. "ಇವತ್ತು ಬಸ್ಸಲ್ಲಿ ರಶ್ ಇರಲ್ಲ."

"ಈಗಲೇ ಬನ್ನಿ, ಊಟ ಬಿಸಿ ಇದೆ," ಎಂದಳು ಅವಳು. "ಮೆಟ್ಟಿಲು ಇಳಿಯುವಾಗ ಮಾತ್ರ ಜೋಪಾನ."