ಹೊಸಬರಿಗೆ ಸುಲಭದ ಪಡೆ

ಒಣಕೊಬ್ಬರಿಯ ವಾಸನೆ ಬಂದರೆ ಈಗಲೂ ಬಿಳಿಗೆರೆಯ ಮಾವನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಟ್ಟದ ಮೇಲೆ ಕಾಯಿಗಳು ಕೊಬ್ಬರಿಯಾಗುತ್ತಿದ್ದವು; ಕೆಳಗಿನ ಕೋಣೆಯಲ್ಲಿ ಹೊಸ ಕಂಪ್ಯೂಟರ್ ಇತ್ತು. ಯುದ್ಧದ ಆಟದಲ್ಲಿ ಮನುಷ್ಯರು, ಮರದ ಜನ, ಹೆಣಗಳ ಸೈನ್ಯ ಎಂದು ಎಷ್ಟೋ ಪಡೆಗಳು. ಯಾವುದನ್ನು ಆರಿಸುವುದೋ ತಿಳಿಯದೆ ಕಂಗಾಲಾಗಿದ್ದೆ.

"ಮನುಷ್ಯರನ್ನ ತಗೋ ಕಣ್ಲಾ, ಹೊಸಬ್ರಿಗೆ ಸುಲಭ," ಎಂದ ಮಾವನ ಮಗ.

ನಡುಮನೆಯಲ್ಲಿ ಅತ್ತೆ, ಅಕ್ಕನ ಮದುವೆಯ ವಿಚಾರವಾಗಿ ಅಮ್ಮನಿಗೆ ಹೇಳುತ್ತಿದ್ದರು: "ತುರುವೇಕೆರೆ ಮನೆಗೇ ಕೊಟ್ಬುಡಿ. ಅತ್ತೆ ಕಾಟ ಇಲ್ಲ. ಹೊಸ ಹುಡುಗಿಗೆ ಸುಲಭ ಕಣ್ರೀ."

ನನ್ನ ಹಿಂದೆ ನಿಂತಿದ್ದ ಅಕ್ಕ, "ಆಮೇಲೆ ಬ್ಯಾಡ ಅನ್ಸುದ್ರೆ ಬದಲಾಯಿಸ್ಬೋದಾ?" ಎಂದು ಅವನನ್ನು ಕೇಳಿದಳು.

"ಇಲ್ಲ ಕಣಕ್ಕ, ಮುಗಿಯೋಗಂಟ ಅದೇ."

ಅಕ್ಕ ಮೌಸಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡು, "ಇನ್ನೂ ಒತ್ತಬ್ಯಾಡ ಕಣೋ," ಎಂದಳು. ಬರೀ ಆಟವಲ್ಲವೇ ಎಂದು ನಾನು ಎಷ್ಟು ಕೊಸರಿದರೂ ಬಿಡಲಿಲ್ಲ.