ಊಟದ ಹೊತ್ತಿನ ಹಾಡು

ಪುಟ್ಟಿ ಮುಖ ತೊಳೆಯುತ್ತಿದ್ದ ಬಚ್ಚಲಲ್ಲಿ ನಲ್ಲಿಯ ಸದ್ದು ನಿಂತಿತು. ಚಿಕ್ಕಮ್ಮ ಕೊನೆಯದಾಗಿ ಇನ್ನೊಮ್ಮೆ ಪವರ್ ಬಟನ್ ಒತ್ತಿ ಹಿಡಿದಳು. ಪರದೆ ಕಪ್ಪಗೇ ಉಳಿಯಿತು. ಮ್ಯೂಸಿಕ್ ಪ್ಲೇಯರಿಗೆ ಇಯರ್‌ಫೋನಿನ ತಂತಿಯನ್ನು ಮೊದಲಿದ್ದ ಹಾಗೆಯೇ ಸುತ್ತಿ, ಪುಟ್ಟಿಯ ದಿಂಬಿನ ಪಕ್ಕದಲ್ಲಿಟ್ಟು, ಕಳ್ಳಿಯ ಹಾಗೆ ಕೋಣೆಯಿಂದ ಹೊರಬಿದ್ದಳು.

ಕದ್ದಿದ್ದರೆ ವಾಸಿಯಿತ್ತು. ಕದ್ದದ್ದನ್ನು ವಾಪಸು ಕೊಡಬಹುದು.

ಆ ಪ್ಲೇಯರಿನಲ್ಲಿ ಪುಟ್ಟಿಯನ್ನು ಹೆತ್ತವಳ ದನಿಯಿತ್ತು. ಹಾಸಿಗೆ ಹಿಡಿಯುವ ಮೊದಲು ಮಗಳಿಗೆಂದೇ ಹಾಡಿ ರೆಕಾರ್ಡ್ ಮಾಡಿಟ್ಟ ಹಾಡುಗಳು. ಆಕೆ ತೀರಿಕೊಂಡು, ಪುಟ್ಟಿಯ ಅಪ್ಪ ಎರಡನೆಯ ಮದುವೆಯಾಗಿ, ಚಿಕ್ಕಮ್ಮ ಈ ಮನೆಯ ಹೊಸ್ತಿಲು ದಾಟಿದ ದಿನವೂ ಹುಡುಗಿಯ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಓದುವಾಗಲೂ ಇರುತ್ತಿತ್ತು, ಉಣ್ಣುವಾಗಲೂ ಇರುತ್ತಿತ್ತು. ಕರೆದರೆ ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ ತಿರುಗುತ್ತಿದ್ದಳು. ಹಾಗಾಗಿ ಗಂಡ ಹೆಂಡತಿ ಗುಟ್ಟು ಮಾತಾಡಲು ಬಾಗಿಲು ಹಾಕಿಕೊಳ್ಳಬೇಕಾಗಿರಲಿಲ್ಲ. ಎಲ್ಲ ಊಟದ ಮೇಜಿನಲ್ಲೇ ಆಗುತ್ತಿತ್ತು. ಹಾಲಿನ ಗೋಡೆಯ ಮೇಲಿರುವ ಪುಟ್ಟಿಯ ತಾಯಿಯ ಫೋಟೋ ನೋಡಿದರೆ ಯಾರದೋ ಮನೆಗೆ ಬಂದು ಕೂತ ಹಾಗನ್ನಿಸುತ್ತದೆ ಎಂದು ಚಿಕ್ಕಮ್ಮ ಕಣ್ಣು ತುಂಬಿಕೊಂಡದ್ದೂ ಅಲ್ಲೇ.

ಈ ದಿನದ್ದು ಒಳ್ಳೆಯದು ಮಾಡಲು ಹೋಗಿ ಆದ ಎಡವಟ್ಟು. ಮಧ್ಯಾಹ್ನ ಪುಟ್ಟಿ ಮಲಗಿದ್ದಾಗ ಪ್ಲೇಯರ್ ನೆಲಕ್ಕೆ ಜಾರಿತ್ತು. ಎತ್ತಿಕೊಂಡು ನೋಡಿದರೆ ಚಾರ್ಜು ಒಂದು ಚೂರೂ ಇಲ್ಲ. ಈ ವಯಸ್ಸಿನವರಿಗೆ ಯಾವುದರ ಮೇಲೆ ನಿಗಾ ಎಂದುಕೊಂಡು ಚಾರ್ಜಿಗೆ ಹಾಕಿದಳು. ಪರದೆ ಬೆಳಗಿತು. ಹಾಡಿನ ಹೆಸರುಗಳಿರಬೇಕಾದ ಕಡೆ ಬರೀ ಖಾಲಿ ಚೌಕಗಳು. ಅಮ್ಮನ ಹಾಡಿನ ಹೆಸರು ಓದಲಿಕ್ಕೂ ಬಾರದೆ ಈ ಮಗು ಇಷ್ಟು ದಿನ ಹೇಗೆ ಕೇಳಿತು ಎಂದು ಕರುಳು ಚುರುಕ್ ಎಂದಿತು. ಪ್ಲೇಯರನ್ನು ನಡೆಸಲು ಕಂಪನಿ ಹಾಕಿದ ತಂತ್ರಾಂಶ, ಅಂದರೆ ಫರ್ಮ್‌ವೇರ್, ತೆಗೆದು ಹವ್ಯಾಸಿಗಳು ಬರೆದದ್ದನ್ನು ಹಾಕಿದರೆ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಬರೆದಿತ್ತು. ಹಾಕಿದಳು. ಮೊದಲು ಹಾಡುಗಳ ನಕಲು ತೆಗೆದಿಟ್ಟುಕೊಳ್ಳಬೇಕಿತ್ತು ಎಂದು ಹೊಳೆದದ್ದು ಪರದೆ ಕಪ್ಪಾದ ಮೇಲೆ.

ರಾತ್ರಿ ಊಟಕ್ಕೆ ಪುಟ್ಟಿ ಎಂದಿನಂತೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಬಂದಳು. ಚಿಕ್ಕಮ್ಮ ಬಡಿಸುತ್ತಲೇ ಅವಳ ಮುಖ ನೋಡಿದಳು. ಈಗ ಅಳುತ್ತಾಳೆ, ಈಗ ಕೂಗಾಡುತ್ತಾಳೆ. ಪುಟ್ಟಿ ಪ್ಲೇಯರನ್ನು ಜೇಬಿಗೆ ಹಾಕಿ ತಟ್ಟೆ ಎಳೆದುಕೊಂಡಳು. ಮೆಲ್ಲಗೆ ತಲೆದೂಗತೊಡಗಿದಳು.

ಸತ್ತ ಪ್ಲೇಯರಿಗೆ ತಲೆದೂಗುವುದೆಂದರೇನು? ಗೊತ್ತಾಗಿದೆ, ಎಂದುಕೊಂಡಳು ಚಿಕ್ಕಮ್ಮ. ಗೊತ್ತಾಗಿಯೂ ನಟಿಸುತ್ತಿದ್ದಾಳೆ. ನಾನೇ ಬಾಯಿ ಬಿಡಲಿ ಎಂದು ಕಾಯುತ್ತಿದ್ದಾಳೆ. ಹುಡುಗಿಗೆ ತನ್ನ ಮೇಲೆ ಸಿಟ್ಟಿದೆ ಎಂಬುದು ಹೊಸದಲ್ಲ. ಹಿಂದೊಮ್ಮೆ ತಾಯಿಯ ಫೋಟೋವನ್ನು ಹಾಲಿನ ಗೋಡೆಯಿಂದ ತೆಗೆದು ತನ್ನ ಕೋಣೆಗೆ ಒಯ್ದಿದ್ದಳು. ನನ್ನ ಕಣ್ಣು ಕೂಡ ಅದರ ಮೇಲೆ ಬೀಳಬಾರದೇನೋ ಎಂದು ಚಿಕ್ಕಮ್ಮ ಅಂದು ನೊಂದುಕೊಂಡಿದ್ದಳು.

ಅಷ್ಟರಲ್ಲಿ ಗಂಡ ಮಾತು ತೆಗೆದ. ಬಸ್ ಡ್ರೈವರ್, ಇಂಜಿನ್ನಿನ ಗದ್ದಲದಲ್ಲಿ ಮಾತಾಡಿ ರೂಢಿ. ಗುಟ್ಟನ್ನೂ ಗಂಟಲೆತ್ತಿಯೇ ಹೇಳುವವನು.

“ಆ ಹಾಸ್ಟೆಲ್ ವಿಷಯ ಏನಾಯ್ತು? ನೀನು ವಿಚಾರಿಸ್ತೀನಿ ಅಂದಿದ್ದೆಯಲ್ಲ.”

ಅವಳು ಮೇಜಿನ ಕೆಳಗೆ ಅವನ ಕಾಲು ತುಳಿದಳು.

“ಯಾಕೆ ತುಳೀತೀಯ? ಅವಳು ಒಂದು ವರ್ಷ ದೂರ ಇದ್ರೆ ಮನೆ ಹಗುರ ಆಗತ್ತೆ ಅಂತ ನೀನೇ ತಾನೆ ಹೇಳಿದ್ದು?”

“ಸ್ವಲ್ಪ ಮೆಲ್ಲಗೆ ಮಾತಾಡಿ.”

“ಅವಳಿಗೆಲ್ಲಿ ಕೇಳತ್ತೆ?”

ಪುಟ್ಟಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನೀರು ಕುಡಿದಳು. ತನ್ನ ತಟ್ಟೆ ತಾನೇ ತೊಳೆದಿಟ್ಟಳು. ಯಾರೂ ಹೇಳದೆ ಈಚೆಗೆ ರೂಢಿಸಿಕೊಂಡದ್ದು ಅದು. ಕೋಣೆಗೆ ಹೋದಳು. ಚಿಕ್ಕಮ್ಮ ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಎದ್ದಳು. ಹಾಡನ್ನೂ ಕಿತ್ತುಕೊಂಡು, ಅದೇ ದಿನ ಆ ಮಾತೂ ಕಿವಿಗೆ ಬೀಳುವ ಹಾಗೆ ಮಾಡಿದೆನಲ್ಲ.

ಮರುದಿನ ಪುಟ್ಟಿ ಸ್ಕೂಲಿಗೆ ಹೋದ ಮೇಲೆ ಚಿಕ್ಕಮ್ಮ ಪ್ಲೇಯರನ್ನು ಕೆಲಸಕ್ಕೆ ಒಯ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಸಾಸಿವೆಯಷ್ಟು ತಿರುಪು ಬಿಚ್ಚುವುದು ಕೈಗೆ ಹೊಸದಲ್ಲ. ಹಿಂಬದಿ ತೆಗೆದು, ಬ್ಯಾಟರಿಯ ತಂತಿ ಕಳಚಿ, ತುಸು ಬಿಟ್ಟು ಮತ್ತೆ ಸಿಕ್ಕಿಸಿದಳು. ವಾಲ್ಯೂಮ್ ಬಟನ್ ಒತ್ತಿ ಹಿಡಿದುಕೊಂಡೇ ಕಂಪ್ಯೂಟರಿಗೆ ಜೋಡಿಸಿದಳು. ಗುರುತು ಹಿಡಿಯಲಿಲ್ಲ. ಮತ್ತೆ ಕಳಚಿದಳು, ಮತ್ತೆ ಜೋಡಿಸಿದಳು. ಕೊನೆಗೆ ಕಂಪ್ಯೂಟರ್ ‘ಟಿಂಗ್’ ಎಂದಿತು. ಕಂಪನಿಯ ಹಳೆಯ ಫರ್ಮ್‌ವೇರನ್ನೇ ಮರಳಿ ಹಾಕಿದಳು.

ಪರದೆ ಬೆಳಗಿತು. ಹಾಡುಗಳೆಲ್ಲ ಇದ್ದವು, ಅದೇ ಚೌಕಗಳಾಗಿ. ಅಷ್ಟು ಚೆಂದದ ಚೌಕಗಳನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಒಂದನ್ನು ಹಾಕಿ ಕೇಳಿನೋಡಬಹುದಿತ್ತು. ಆದರೆ ಇನ್ನೊಬ್ಬಳು ಮಗಳಿಗೆಂದು ಹಾಡಿದ್ದನ್ನು ಕದ್ದು ಕೇಳುವುದು ಮರ್ಯಾದೆಯಲ್ಲ ಎನ್ನಿಸಿ ಹಾಗೆಯೇ ಮುಚ್ಚಿದಳು.

ಸಂಜೆ ಪುಟ್ಟಿ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತು ಪ್ಲೇಯರನ್ನು ಅವಳ ಕೈಗಿಟ್ಟಳು.

“ನಿನ್ನೆ ಮಧ್ಯಾಹ್ನ ನಾನು ಇದನ್ನ ಕೆಡಿಸಿಬಿಟ್ಟಿದ್ದೆ ಪುಟ್ಟಿ. ಈಗ ಸರಿಯಾಗಿದೆ, ಅಮ್ಮನ ಹಾಡೆಲ್ಲ ಹಾಗೇ ಇವೆ. ಆದ್ರೆ ನಿನ್ನೆ ಊಟಕ್ಕೆ ಕೂತಾಗ ನಿಂಗೆ ನಮ್ಮ ಮಾತೆಲ್ಲ ಕೇಳಿಸ್ತು. ನಂಗೊತ್ತು. ಹಾಸ್ಟೆಲ್ ಮಾತು ನಾನು ಆಡಬಾರದಿತ್ತು. ತಪ್ಪಾಯ್ತು.”

ಪುಟ್ಟಿ ಪ್ಲೇಯರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು.

“ನಿನ್ನೆ ಕೆಟ್ಟಿತ್ತಾ? ನಂಗೆ ಗೊತ್ತೇ ಆಗ್ಲಿಲ್ಲ.”

“ಗೊತ್ತಾಗದೆ ಇರತ್ತಾ? ಹಾಡೇ ಬಂದಿರಲ್ಲ.”

“ಇದ್ರಲ್ಲಿ ಸದ್ದು ನಿಂತು ತುಂಬ ಕಾಲ ಆಯ್ತು ಚಿಕ್ಕಮ್ಮ,” ಎಂದಳು ಪುಟ್ಟಿ, “ನೀವು ಈ ಮನೆಗೆ ಬರೋಕೆ ಮುಂಚೇನೇ.”